ಅಲಿಗೇಟರ್ ರೆಕಾರ್ಡ್ಸ್ ಹುಟ್ಟಿದ್ದು ಒಂದೇ ಒಂದು ಬ್ಯಾಂಡಿಗಾಗಿ

ದೊಡ್ಡ ಕಂಪನಿಯ ಆಸರೆ ಇಲ್ಲದೆ ಅಲಿಗೇಟರ್‌ನಂಥ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಐವತ್ತು ವರ್ಷ ಹೇಗೆ ಉಳಿಯಿತು ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟದ ಲೇಬಲ್ ಇದು, ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ಇದನ್ನು ಕಟ್ಟಿದ ಬ್ರೂಸ್ ಇಗ್ಲಾವರ್ ಆಗ ಇಪ್ಪತ್ಮೂರರ ಹುಡುಗ. ಷಿಕಾಗೋದ ಡೆಲ್‌ಮಾರ್ಕ್ ಅನ್ನೋ ಲೇಬಲ್‌ನಲ್ಲಿ ರೆಕಾರ್ಡ್ ಪ್ಯಾಕ್ ಮಾಡಿ ಕಳಿಸುವ ಕೆಲಸ. ಊರಿನ ಸೌತ್ ಸೈಡ್‌ನಲ್ಲಿ ಫ್ಲಾರೆನ್ಸಸ್ ಅಂತ ಒಂದು ಚಿಕ್ಕ ಬಾರ್, ಅಲ್ಲಿ ಭಾನುವಾರ ಮಧ್ಯಾಹ್ನ ಗಿಟಾರ್ ವಾದಕ ಹೌಂಡ್ ಡಾಗ್ ಟೇಲರ್ ತಮ್ಮ ಬ್ಯಾಂಡಿನ ಜೊತೆ ನುಡಿಸುತ್ತಿದ್ದರು. ಎರಡು ಗಿಟಾರ್, ಒಂದು ಡ್ರಮ್ಸ್, ಅಷ್ಟೇ. ತಗ್ಗು ಸ್ವರದ ಬೇಸ್ ಗಿಟಾರ್ ಇಲ್ಲ. ಅಗ್ಗದ ಜಪಾನಿ ಗಿಟಾರು, ಸ್ಪೀಕರ್ ಬಿರುಕು ಬಿಟ್ಟ ಆಂಪ್ಲಿಫೈಯರು, ಆದರೂ ಕೇಳಿದವರು ಕೂತಲ್ಲಿ ಕೂರೋಕೆ ಆಗದಂಥ ಸಂಗೀತ! ಇವರನ್ನು ರೆಕಾರ್ಡ್ ಮಾಡಿ ಅಂತ ಇಗ್ಲಾವರ್ ತಮ್ಮ ಯಜಮಾನ ಬಾಬ್ ಕೋಸ್ಟರ್ ಅವರನ್ನು ಕೇಳಿಕೊಂಡರು. ಅದು ಆಗಲಿಲ್ಲ. ಕೊನೆಗೆ 1971ರಲ್ಲಿ, ಆಸ್ತಿಯ ಪಾಲಾಗಿ ಬಂದಿದ್ದ 2,500 ಡಾಲರ್ ಹಾಕಿ ತಾವೇ ರೆಕಾರ್ಡ್ ಮಾಡಿ 1,000 ಪ್ರತಿ ಒತ್ತಿಸಿದರು. ಅಲಿಗೇಟರ್ ಹುಟ್ಟಿದ್ದು ಹೀಗೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದಾದ ಮೇಲೆ ಅವರು ಮಾಡಿದ ಕೆಲಸದಲ್ಲಿ ಅಂತ ನನಗೆ ಅನಿಸುತ್ತದೆ. ರೆಕಾರ್ಡುಗಳನ್ನು ಕಾರಿಗೆ ತುಂಬಿಕೊಂಡು ಊರೂರು ತಿರುಗಿ, ಎಫ್‌ಎಂ ಸ್ಟೇಷನ್ನುಗಳ ಬಾಗಿಲು ತಟ್ಟಿ, ಸಗಟು ವ್ಯಾಪಾರಿಗಳನ್ನು ಕಂಡು, ಅದೇ ಬ್ಯಾಂಡಿಗೆ ಕಾರ್ಯಕ್ರಮಗಳನ್ನೂ ತಾವೇ ಗೊತ್ತು ಮಾಡುತ್ತಿದ್ದರು. ಮನೆಯೇ ಆಫೀಸು. ಒಂದು ಆಲ್ಬಮ್ಮಿನ ದುಡ್ಡು ಕೈಗೆ ಬಂದ ಮೇಲೆಯೇ ಮುಂದಿನದು. ಕಲಾವಿದರು ಊರೂರಲ್ಲಿ ನುಡಿಸುತ್ತಿದ್ದರೆ ತಾನೇ ರೆಕಾರ್ಡೂ ಮಾರಾಟವಾಗೋದು, ಅಲ್ವಾ?

1975ರ ಕೊನೆಯಲ್ಲಿ ಟೇಲರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಯಾರಿಗಾಗಿ ಲೇಬಲ್ ಶುರುವಾಯಿತೋ ಅವರೇ ಇಲ್ಲ. ಅಷ್ಟರಲ್ಲಿ ಗಿಟಾರ್ ವಾದಕ ಸನ್ ಸೀಲ್ಸ್, ಗಾಯಕಿ ಕೋಕೋ ಟೇಲರ್ ಲೇಬಲ್‌ಗೆ ಬಂದಿದ್ದರಿಂದ ಕೆಲಸ ನಿಲ್ಲಲಿಲ್ಲ. ಕೋಕೋ ಅಂತೂ ಮುಂದೆ ದಶಕಗಳ ಕಾಲ ಇಲ್ಲೇ ಹಾಡಿದರು. 1978ರಿಂದ ಷಿಕಾಗೋದ ಕ್ಲಬ್ಬುಗಳ 18 ಕಲಾವಿದರನ್ನು ಆರು ಎಲ್‌ಪಿಗಳಲ್ಲಿ ತಂದರು. ನನ್ನ ಪ್ರಕಾರ ಗ್ರ್ಯಾಮಿಗಳಿಗಿಂತ ದೊಡ್ಡ ಕೆಲಸ ಅದು. ಗ್ರ್ಯಾಮಿಯೂ ಬಂತು ಬಿಡಿ: ಆಲ್ಬರ್ಟ್ ಕಾಲಿನ್ಸ್, ರಾಬರ್ಟ್ ಕ್ರೇ, ಜಾನಿ ಕೋಪ್‌ಲ್ಯಾಂಡ್ ಮೂವರೂ ಸೇರಿ ನುಡಿಸಿದ 1985ರ ಆಲ್ಬಮ್ಮಿಗೆ, ಆಮೇಲೆ 2022ರಲ್ಲಿ ಮಿಸಿಸಿಪಿಯ ಯುವಕ ಕಿಂಗ್‌ಫಿಶ್ ಇಂಗ್ರಾಮ್‌ಗೆ.

ಕೇಳೋಕೆ ಶುರು ಮಾಡುವುದಾದರೆ 1971ರ ಆ ಮೊದಲ ರೆಕಾರ್ಡನ್ನೇ ಹಾಕಿ. ಇಯರ್‌ಫೋನ್ ಬೇಡ, ಸ್ಪೀಕರ್‌ನಲ್ಲಿ ಸ್ವಲ್ಪ ಜಾಸ್ತಿ ಸೌಂಡ್ ಕೊಟ್ಟು ಕೇಳಿ. ಬೇಸ್ ಇಲ್ಲ ಅನ್ನೋದು ನಿಮಗೆ ನೆನಪಿಗೂ ಬರೋದಿಲ್ಲ.