ಅಮೆರಿಕ–ಕೆನಡಾದ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳ ಮಾಲೀಕರು 2004–05ರಲ್ಲಿ ಬದಲಿ ಆಟಗಾರರನ್ನು ಇಟ್ಟುಕೊಂಡು ಐಸ್ ಹಾಕಿ ಯಾಕೆ ಆಡಿಸಲಿಲ್ಲ?

ಆ ಸೀಸನ್‌ನಲ್ಲಿ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳವಾಗಿ ಆಟ ನಿಂತಿತ್ತು. ಬದಲಿಯವರನ್ನು ಆಡಿಸುವ ಯೋಚನೆ ಇತ್ತು, ಮಾತೂ ನಡೆದಿತ್ತು. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ 1987ರ ಮುಷ್ಕರದಲ್ಲಿ ಮೂರು ವಾರ ಹಾಗೇ ಮಾಡಿತ್ತು.

ಆದರೆ ಹಾಕಿಯಲ್ಲಿ ಕೆನಡಾ ಅಡ್ಡ ಬಂತು. ಕ್ವಿಬೆಕ್ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳಲ್ಲಿ ಕಾರ್ಮಿಕ ವಿವಾದದ ಹೊತ್ತಲ್ಲಿ ಬದಲಿ ಕೆಲಸಗಾರರನ್ನು ತರುವುದಕ್ಕೆ ಕಾನೂನಿನ ತಡೆ ಇದೆ. ಕ್ವಿಬೆಕ್‌ನಲ್ಲಂತೂ 1977ರಿಂದಲೇ. ಅಂದರೆ ಮಾಂಟ್ರಿಯಲ್ ಮತ್ತು ವ್ಯಾಂಕೂವರ್ ತಂಡಗಳು ತವರಲ್ಲೇ ತೊಡಕಿಗೆ ಸಿಗುತ್ತಿದ್ದವು. ಮಾಂಟ್ರಿಯಲ್ ಇಲ್ಲದ ಲೀಗ್ ಯಾರಿಗೆ ಬೇಕು ಹೇಳಿ?

ಇನ್ನೊಂದು ವಿಷಯ. 2004–05ರದ್ದು ಆಟಗಾರರ ಮುಷ್ಕರ ಅಲ್ಲ, ಮಾಲೀಕರೇ ಹಾಕಿದ ಬೀಗ, ಅಂದರೆ ಲಾಕೌಟ್. ಮಾತುಕತೆ ಮುರಿದುಬಿದ್ದಿದೆ ಎಂದು ಘೋಷಿಸಿ, ತಮ್ಮದೇ ಷರತ್ತು ಹೇರಿ ಲೀಗ್ ಶುರು ಮಾಡುವ ದಾರಿಯೂ ಅವರಿಗಿತ್ತು. ಆದರೆ ಅಮೆರಿಕದ ಕಾರ್ಮಿಕ ಮಂಡಳಿ ಅದನ್ನು ಒಪ್ಪದಿದ್ದರೆ ಆಟಗಾರರಿಗೆ ದೊಡ್ಡ ಮೊತ್ತವನ್ನೇ ಕಟ್ಟಿಕೊಡಬೇಕಾಗುತ್ತಿತ್ತು.

ಅಷ್ಟರಲ್ಲಿ ನೂರಾರು ಆಟಗಾರರು ಯುರೋಪಿಗೆ ಹೋಗಿ ಆಡುತ್ತಿದ್ದರು. ಜೆಕ್ ತಾರೆ ಯಾರೊಮಿರ್ ಯಾಗರ್ ರಷ್ಯಾದ ಓಮ್ಸ್ಕ್ ತಂಡ ಸೇರಿದ್ದರು. ಕೊನೆಗೆ 2005ರ ಫೆಬ್ರವರಿ 16ರಂದು ಲೀಗ್‌ನ ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ ರದ್ದು ಮಾಡಿದರು. ಜುಲೈನಲ್ಲಿ ಒಪ್ಪಂದವಾಯಿತು. ಮಾಲೀಕರು ಹಟ ಹಿಡಿದಿದ್ದ ಸಂಬಳದ ಮಿತಿ, ಅಂದರೆ ಒಂದು ತಂಡ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಗರಿಷ್ಠ ಮೊತ್ತ, ಅವರಿಗೆ ಸಿಕ್ಕಿತು: ಮೊದಲ ವರ್ಷ ತಂಡಕ್ಕೆ 3.9 ಕೋಟಿ ಡಾಲರ್.