ಬೆಂಗಳೂರು ಬಿಟ್ಟು ಕರಾವಳಿಯ ಸದ್ದಿಲ್ಲದ ಊರಲ್ಲಿ ನೆಲೆಸಬೇಕು, ಕಡಿಮೆ ಬೆಲೆಗೆ ಮನೆ ಎಲ್ಲಿ ಹುಡುಕಲಿ?

ಮಂಗಳೂರು, ಮಣಿಪಾಲ ಬಿಡಿ, ಅಲ್ಲಿ ರೇಟು ಜಾಸ್ತಿ. ಬೈಂದೂರು, ಹೊನ್ನಾವರ, ಕುಮಟಾ ಕಡೆ ನೋಡಿ. ಪಂಚಗಂಗಾ ರೈಲು ಸಂಜೆ ಬೆಂಗಳೂರಲ್ಲಿ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ.

ಕಡಲಿಗೆ ಮುಖ ಮಾಡಿದ ಮನೆ ಬೇಕೇಬೇಕು ಅಂತ ಹಟ ಹಿಡಿಯಬೇಡಿ. ಉಪ್ಪುಗಾಳಿಗೆ ಗೇಟು, ಕಿಟಕಿ ಸರಳು, ಫ್ರಿಜ್ಜಿನ ಹಿಂಬದಿ ಎಲ್ಲ ತುಕ್ಕು ಹಿಡಿಯುತ್ತೆ. ಭರತದ (ಉಬ್ಬರದ ನೀರು ತಲುಪುವ) ಗೆರೆಯಿಂದ 500 ಮೀಟರ್‌ವರೆಗೆ ಕಟ್ಟಡ ಕಟ್ಟಲು ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮಗಳೂ ಇವೆ. ಕಡಲಿಂದ ಎರಡು ಮೂರು ಕಿಲೋಮೀಟರ್ ಒಳನಾಡಿನ ಕಡೆ, ಹಂಚಿನ ಹಳೇ ಮನೆ ಸಿಕ್ಕರೆ ಒಳ್ಳೆಯದು.

ಮೊದಲು ಬಾಡಿಗೆಗೆ ಇರಿ, ಕೊಳ್ಳುವುದು ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ ಪೂರ್ತಿ ಕಳೆಯಿರಿ. ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಸ್ಟು ಬರುತ್ತೆ, ಕರೆಂಟು ಹೋದರೆ ಯಾವಾಗ ಬರುತ್ತೋ! ಆಗಲೂ ಊರು ಇಷ್ಟವಾದರೆ ಮಾತ್ರ ಅಡ್ವಾನ್ಸ್ ಕೊಡಿ.

ಬಾವಿ ನೀರನ್ನು ಏಪ್ರಿಲ್-ಮೇನಲ್ಲಿ ಕುಡಿದು ನೋಡಿ. ನಾನು ಡಿಸೆಂಬರ್‌ನಲ್ಲಿ ಸಿಹಿ ನೀರು ಅಂತ ಖುಷಿಪಟ್ಟ ಬಾವಿ ಬೇಸಿಗೆಗೆ ಉಪ್ಪಾಗಿತ್ತು. ಪಹಣಿ, ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟದ ವಿವರ ತೋರಿಸುವ ಪತ್ರ), ಪಂಚಾಯ್ತಿಯ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ಕಾಗದಗಳನ್ನು ಸ್ಥಳೀಯ ವಕೀಲರಿಗೆ ತೋರಿಸಿ. ಕುಟುಂಬದ ಆಸ್ತಿಯಾದರೆ ಪಾಲುದಾರರೆಲ್ಲರ ಸಹಿ ಬೇಕು, ಮುಂಬೈಯಲ್ಲಿರುವ ಅಣ್ಣನದ್ದೂ ಸೇರಿ.