ಹವಾಯಿ ಚಪ್ಪಲೀಲಿ ಫೀಲ್ಡ್ ಟ್ರಿಪ್ಪು

(ಈ ಸಲ ಒಂದೇ ಪತ್ರಕ್ಕೆ ಉತ್ತರ. ಬರೆದವಳು ಸಂಡೂರು ತಾಲೂಕಿನ ಹುಡುಗಿ, ಬಿಎಸ್ಸಿ ಕೊನೇ ವರ್ಷ, ಜಿಯಾಲಜಿ, ಅಂದ್ರೆ ಭೂವಿಜ್ಞಾನ, ಓದ್ತಿದಾಳೆ, ಹೆಸರು ಹಾಕ್ಬೇಡಿ ಅಂದಿದಾಳೆ. ಮನೇಲಿ ಕಾಲೇಜು ಮೆಟ್ಲು ಹತ್ತಿದ ಮೊದಲನೇ ಮಗು. ಅಪ್ಪ ಅದಿರಿನ ಟಿಪ್ಪರ್ ಓಡಿಸ್ತಿದ್ರು, 2011ರಲ್ಲಿ ಗಣಿಗಳು ನಿಂತಾಗ ಕೆಲಸ ಹೋಯ್ತು. ಫೀಲ್ಡ್ ಟ್ರಿಪ್ಪಿಗೆ ಹವಾಯಿ ಚಪ್ಪಲೀಲಿ ಹೋಗಿ ಎಲ್ರೆದುರು ಬೈಸ್ಕೊಂಡ್ಳು, ಎರಡನೇ ಟ್ರಿಪ್ಪಿಗೆ ದುಡ್ಡಿಲ್ದೆ ಹೋಗ್ಲೇ ಇಲ್ಲ. 'ಹೆಣ್ಮಕ್ಳಿಗೆ ಲ್ಯಾಬ್ ಸಾಕು ಬಿಡಮ್ಮ' ಅಂದ್ರಂತೆ ಒಬ್ರು ಮೇಷ್ಟ್ರು. ಅವಳ ಪ್ರಶ್ನೆ: 'ಅಕ್ಕ, ಇದು ನಮ್ಮಂಥೋರಿಗೆ ಆಗೋ ಸಬ್ಜೆಕ್ಟಾ, ಇಲ್ಲ ಸುಮ್ನೆ ಬಿಎಡ್ ಮಾಡ್ಕೊಳ್ಳಾ?')

ತಂಗೀ,

ಅಕ್ಕ ಅಂತ ಬರ್ದಿದೀಯ, ಅದಕ್ಕೆ ನೀನು ಅಂತ್ಲೇ ಮಾತಾಡ್ತೀನಿ. ನಿನ್ ಪತ್ರ ಬಂದು ಮೂರು ವಾರ ಆಯ್ತು. 'ಧೈರ್ಯಗೆಡಬೇಡ, ಮುಂದೆ ಸಾಗು' ಅಂತ ನಾಲ್ಕು ಸಾಲು ಗೀಚಿ ಕೈ ತೊಳ್ಕೋಬಹುದಿತ್ತು, ಆದ್ರೆ ಹಾಗೆ ಬರ್ಯೋಕೆ ನಂಗೇ ನಾಚ್ಕೆ ಆಯ್ತು, ಯಾಕೆ ಅಂತ ಆಮೇಲೆ ಹೇಳ್ತೀನಿ.

ಆಗೋ ಸಬ್ಜೆಕ್ಟಾ ಅಂದ್ಯಲ್ಲ, ಆಗುತ್ತೆ. ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ, ನಿನ್ ಪತ್ರದಲ್ಲೇ ಸಾಕ್ಷಿ ಇದೆ. ನಿಮ್ಮಪ್ಪ ಅದಿರಿನ ಉಂಡೆ ಅಂಗೈ ಮೇಲಿಟ್ಟು ತೂಗ್ನೋಡಿ 'ಇದು ಅರವತ್ತೆರಡರ ಮಾಲು' (ನೂರಕ್ಕೆ ಅರವತ್ತೆರಡು ಪಾಲು ಕಬ್ಬಿಣ) ಅಂತಿದ್ರು, ಕೈಗೆ ಮಸಿ ಹತ್ತಿದ್ರೆ 'ಇದು ಮ್ಯಾಂಗನೀಸು, ಬೇರೆ ಹಾಕು' ಅಂತಿದ್ರು ಅಂತ ತಮಾಷೆಗೆ ಅನ್ನೋ ಹಾಗೆ ಬರ್ದಿದೀಯ. ತಮಾಷೆ ಅಲ್ಲಮ್ಮ ಅದು. ಮಿನರಾಲಜಿ ಪ್ರಾಕ್ಟಿಕಲ್ಲಲ್ಲಿ ಕೇಳೋದೇ ಇದನ್ನ, ಭಾರ ಎಷ್ಟು, ಬಣ್ಣ ಏನು, ಬಿಳೀ ಪಿಂಗಾಣಿ ಬಿಲ್ಲೆ ಮೇಲೆ ಉಜ್ಜಿದ್ರೆ ಯಾವ ಗೆರೆ ಬೀಳುತ್ತೆ, ಹೆಮಟೈಟ್ ಆದ್ರೆ ಕೆಂಪು, ಮ್ಯಾಗ್ನಟೈಟ್ ಆದ್ರೆ ಕಪ್ಪು, ಪೈರೋಲುಸೈಟ್ ಅಂದ್ರೆ ಬೆರಳಿಗೆ ಮಸಿ ಹತ್ತೋ ಮ್ಯಾಂಗನೀಸ್ ಅದಿರು ಅಂತ ಪುಸ್ತಕದಲ್ಲೂ ಬರ್ದಿರ್ತಾರೆ. ನಿಮ್ಮಪ್ಪ ಪುಸ್ತಕ ಓದ್ಲಿಲ್ಲ ಅಷ್ಟೇ.

ಮಾತಿನ ವಿಷಯವೂ ಹಂಗೇ. ವೈವಾದಲ್ಲಿ ಕ್ವಾರ್ಟ್ಜ್ ಗುರುತಿಸ್ದೆ, ಆದ್ರೆ ಇಂಗ್ಲಿಷಲ್ಲಿ ವಿವರಿಸೋಕಾಗ್ದೆ ನಿಂತ್ಬಿಟ್ಟೆ ಅಂದಿದೀಯ. ಅದು ಬೆಣಚುಕಲ್ಲು ಅಂತ ಮೊದಲ್ನೇ ಸೆಮಿಸ್ಟರಲ್ಲೇ ಯಾರಾದ್ರೂ ಹೇಳಿದ್ರೆ ನಿಂಗೆ ಚಿಕ್ಕಂದಿಂದ ಗೊತ್ತಿರೋ ಕಲ್ಲಿನ ಬಗ್ಗೆ ಮಾತಾಡೋಕೆ ಏನ್ ಕಷ್ಟ ಆಗ್ತಿತ್ತು? ಮೈಕಾ ಅಂದ್ರೆ ಕಾಗೆಬಂಗಾರ, ಬೇಲೂರು ಹಳೇಬೀಡಿನ ಸೋಪ್‌ಸ್ಟೋನ್ ಅಂದ್ರೆ ಬಳಪದ ಕಲ್ಲು, ಲ್ಯಾಟರೈಟ್ ಅಂದ್ರೆ ಕರಾವಳಿಯೋರ ಮುರಕಲ್ಲು. ಆ ಲ್ಯಾಟರೈಟ್ ಅನ್ನೋ ಹೆಸರನ್ನ ಬುಕಾನನ್ ಅನ್ನೋ ಸಾಹೇಬ ಮಲಬಾರಿನಲ್ಲಿ ಅದೇ ಕಲ್ಲನ್ನ ಇಟ್ಟಿಗೆ ಥರ ಕತ್ತರಿಸಿ ಮನೆ ಕಟ್ಟೋ ಜನರನ್ನ ನೋಡಿ ಇಟ್ಟಿದ್ದು, 1807ರ ಪುಸ್ತಕದಲ್ಲಿದೆ. ಕಲ್ಲು ಕತ್ತರಿಸ್ತಿದ್ದೋರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಬಿಡು. ನಮ್ ಭೋವಿ ಜನ ತಲೆಮಾರುಗಳಿಂದ ಬಂಡೆ ಒಡ್ದು ಬಾವಿ ತೋಡಿದೋರು, ಎಲ್ಲಿ ಬೆಣೆ ಹೊಡೆದ್ರೆ ಬಂಡೆ ನೆಟ್ಟಗೆ ಸೀಳುತ್ತೆ ಅನ್ನೋದು ಅವರ ಕೈಗೇ ಗೊತ್ತು, ಅವರ ಮಕ್ಕಳು ಎಷ್ಟು ಜನ ಜಿಯಾಲಜಿ ಕ್ಲಾಸಲ್ಲಿದಾರೆ ಅಂತ ನಿಮ್ ಕಾಲೇಜಲ್ಲೇ ಎಣಿಸಿ ನೋಡು.

ಹಾಗಾದ್ರೆ ಅಡ್ಡ ಬರ್ತಿರೋದು ಏನು? ನನ್ ಪ್ರಕಾರ ತಲೆ ಅಲ್ಲ, ಫೀಲ್ಡು. ಫಿಸಿಕ್ಸು ಮ್ಯಾಥ್ಸಾದ್ರೆ ಬಡವರ ಮಗು ಲೈಬ್ರರೀಲಿ ಕೂತು ಹೆಂಗೋ ಓದ್ಕೊಂಡ್ಬಿಡುತ್ತೆ. ಜಿಯಾಲಜೀಲಿ ಬಂಡೆ ಹತ್ರ ಹೋಗ್ಲೇಬೇಕು, ಬ್ರಂಟನ್ ಕಂಪಾಸ್ ಹಿಡ್ದು ಸ್ಟ್ರೈಕು ಡಿಪ್ಪು, ಅಂದ್ರೆ ಬಂಡೆ ಪದರ ಯಾವ ದಿಕ್ಕಿಗೆ ಚಾಚಿದೆ, ಎಷ್ಟು ವಾಲಿದೆ ಅನ್ನೋ ಅಳತೆ ತಗೋಬೇಕು, ಅಲ್ಲಿಗೆ ಹೋಗೋಕೆ ಬಸ್ ಚಾರ್ಜು, ಊಟದ ದುಡ್ಡು, ಶೂ, ಸುತ್ತಿಗೆ, ಲೆನ್ಸು, ಮನೆಯೋರ ಒಪ್ಪಿಗೆ, ಎಲ್ಲಾ ಬೇಕು. ಸ್ಕಾಲರ್‌ಶಿಪ್ಪು ಅಕೌಂಟಿಗೆ ಬೀಳೋಷ್ಟ್ರಲ್ಲಿ ಟ್ರಿಪ್ಪು ಮುಗಿದು ರಿಪೋರ್ಟೂ ಸಬ್ಮಿಟ್ ಆಗಿರುತ್ತೆ.

ನಾಚ್ಕೆ ಅಂದ್ನಲ್ಲ, ಅದು ಇದೇ. ನಾನೂ ಬಿಎಸ್ಸೀಲಿ ಜಿಯಾಲಜಿ ತಗೊಂಡಿದ್ದೆ. ಮೊದಲ್ನೇ ವರ್ಷ ಒಂದು ದಿನದ ಟ್ರಿಪ್ಪು, ಬೆಳಗ್ಗೆ ಆರಕ್ಕೆ ಹೊರಟ್ವಿ, ಸಂಜೆ ಏಳರ ತನಕ ಬಸ್ಸು ಎಲ್ಲೂ ಹೆಣ್ಮಕ್ಳಿಗೆ ಅಂತ ನಿಲ್ಲಿಸ್ಲಿಲ್ಲ. ಆರು ಜನ ಹುಡ್ಗೀರು ನೀರೇ ಕುಡೀಲಿಲ್ಲ, ಅದ್ರಲ್ಲಿ ಒಬ್ಳಿಗೆ ಅವತ್ತೇ ಮುಟ್ಟು, ದಾವಣೀನ ಸೊಂಟಕ್ಕೆ ಕಟ್ಕೊಂಡು ಬಿಸಿಲಲ್ಲಿ ಗುಡ್ಡ ಹತ್ತಿದ್ಳು. ಪೋಲಿಯೋ ಆಗಿದ್ದ ಒಬ್ಬ ಹುಡುಗನ್ನ 'ನೀನು ಬ್ಯಾಗ್ ನೋಡ್ಕೊ' ಅಂತ ಬಸ್ಸಲ್ಲೇ ಕೂರ್ಸಿದ್ರು, ಕ್ಲಾಸಲ್ಲಿ ನಮ್ಮೆಲ್ರಿಗಿಂತ ಚೆನ್ನಾಗಿ ಮ್ಯಾಪ್ ಬಿಡಿಸ್ತಿದ್ದೋನು ಅವನು. ಎರಡನೇ ವರ್ಷ ಹತ್ತು ದಿನದ ಕ್ಯಾಂಪು ಅಂದಾಗ ನಮ್ಮಪ್ಪ ಬೇಡ ಅಂದ್ರು, ನಾನೂ ಜಗಳ ಆಡ್ಲಿಲ್ಲ, ಸಬ್ಜೆಕ್ಟೇ ಬದಲಾಯಿಸ್ಕೊಂಡೆ. ಧೈರ್ಯ ಇಲ್ದೆ ಅಲ್ಲ, ಆ ಬಸ್ಸು ನೆನಪಾಗಿ. ಮೇಷ್ಟ್ರು ಕೆಟ್ಟೋರಲ್ಲ, ಅವರಿಗೆ ಹೊಳೀಲೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಅನ್ಕೋಬೇಡ. ಅಮೆರಿಕದಲ್ಲೂ ಕರಿಯರು, ಲ್ಯಾಟಿನೋಗಳು, ಮೂಲನಿವಾಸಿಗಳು ತೀರಾ ಕಡಿಮೆ ಇರೋ ವಿಜ್ಞಾನಗಳಲ್ಲಿ ಭೂವಿಜ್ಞಾನವೂ ಒಂದು, 40 ವರ್ಷದಲ್ಲಿ ಏನೇನೂ ಸುಧಾರಿಸಿಲ್ಲ ಅಂತ 2018ರಲ್ಲಿ ಬರ್ನಾರ್ಡ್ ಮತ್ತೆ ಕೂಪರ್‌ಡಾಕ್ ಅನ್ನೋ ಇಬ್ರು ಹೆಣ್ಮಕ್ಳು ಲೆಕ್ಕ ಸಮೇತ ಬರೆದ್ರು. ಟೆಕ್ಸಾಸ್ ಯೂನಿವರ್ಸಿಟಿಯೋರು 2005ರಿಂದ ಬಡ ಊರುಗಳ ಹೈಸ್ಕೂಲ್ ಮಕ್ಕಳನ್ನ ಬೇಸಿಗೆ ಬೇಸಿಗೆಗೂ ಬಂಡೆ ಬೆಟ್ಟ ತೋರ್ಸೋಕೆ ಕರ್ಕೊಂಡ್ ಹೋಗ್ತಿದಾರೆ. ನೋಡು, ಅವರೂ ಹಿಡಿದಿದ್ದು ಫೀಲ್ಡನ್ನೇ.

'ಹೆಣ್ಮಕ್ಳಿಗೆ ಲ್ಯಾಬ್ ಸಾಕು' ಅಂದ ಮೇಷ್ಟ್ರಿಗೆ ಸುದೀಪ್ತಾ ಸೇನ್‌ಗುಪ್ತ ಹೆಸರು ಹೇಳು. ಕೋಲ್ಕತ್ತದ ಜಾದವ್‌ಪುರದಲ್ಲಿ ಪಾಠ ಮಾಡ್ತಿದ್ದ ಜಿಯಾಲಜಿಸ್ಟು, ಪರ್ವತಾರೋಹಣ ಕಲ್ತೋರು, 1983ರಲ್ಲಿ ಹೊರಟ ಭಾರತದ ಅಂಟಾರ್ಕ್ಟಿಕಾ ತಂಡದಲ್ಲಿ ಸಮುದ್ರ ವಿಜ್ಞಾನಿ ಅದಿತಿ ಪಂತ್ ಜೊತೆ ಹೋಗಿ ಮಂಜುಗಡ್ಡೆ ಮಧ್ಯದ ಬಂಡೆಗಳ ಮ್ಯಾಪ್ ಮಾಡಿದೋರು. ಹಾಗಂತ ಬರೀ ಮೇಷ್ಟ್ರನ್ನ ಬಯ್ಯೋದೂ ಸರಿಯಲ್ಲ, ಕಾನೂನೇ ಹಂಗಿತ್ತು. 1952ರ ಗಣಿ ಕಾಯ್ದೆ ಪ್ರಕಾರ ಹೆಂಗಸರು ನೆಲದಡಿ ಗಣೀಲಿ ಕೆಲಸ ಮಾಡೋ ಹಾಗೇ ಇರ್ಲಿಲ್ಲ, ಟೆಕ್ನಿಕಲ್, ಸೂಪರ್‌ವೈಸರ್, ಮ್ಯಾನೇಜರ್ ಕೆಲಸಕ್ಕೆ ಹಗಲು ಹೊತ್ತು ಇಳೀಬಹುದು ಅಂತ ಆಗಿದ್ದೇ 2019ರಲ್ಲಿ. ನಂಗೆ ನಿನ್ ವಯಸ್ಸಲ್ಲಿ ಹಟ್ಟಿ ಚಿನ್ನದ ಗಣಿ ಒಳಗೆ ಕೆಲಸ ಮಾಡೋ ಕನಸು ಕಂಡ್ರೂ ಕಾನೂನು ಬಿಡ್ತಿರ್ಲಿಲ್ಲ, ನಿಂಗೆ ಬಿಡುತ್ತೆ.

ಇನ್ನು ದುಡ್ಡು. ಇಲ್ಲಿ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ. 2015ರಲ್ಲಿ ಗಣಿ ಮತ್ತು ಖನಿಜಗಳ ಕಾಯ್ದೆ (ಮೇಲೆ ಹೇಳಿದ 1952ರದ್ದಲ್ಲ, ಇದು ಬೇರೆ) ತಿದ್ದುಪಡಿ ಮಾಡಿ ಪ್ರತಿ ಗಣಿ ಜಿಲ್ಲೇಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಮಾಡಿದಾರೆ, ಜನ ಡಿಎಂಎಫ್ ಅಂತಾರೆ. ಗಣಿ ಕಂಪನಿಗಳು ರಾಯಲ್ಟಿ ಜೊತೆ ಇದಕ್ಕೂ ಒಂದು ಪಾಲು ಕಟ್ಬೇಕು, ಗಣಿ ಧೂಳು ಕುಡಿದ ಊರುಗಳ ನೀರು, ಆರೋಗ್ಯ, ಶಿಕ್ಷಣಕ್ಕೆ ಅದನ್ನ ಮೊದಲು ಖರ್ಚು ಮಾಡ್ಬೇಕು. ಸಂಡೂರಿನ ಗುಡ್ಡ ಅಗೆದು ಬಂದ ದುಡ್ಡಲ್ಲಿ ಸಂಡೂರಿನ ಮಗಳಿಗೆ ಆ ಗುಡ್ಡ ಓದೋದನ್ನ ಕಲಿಸೋಕೆ ಒಂದು ಬಸ್ಸು, ಇಪ್ಪತ್ತು ಜೊತೆ ಶೂ, ಹತ್ತು ಕಂಪಾಸು ಕೊಡ್ಸಿ ಅಂದ್ರೆ ಅದು ಭಿಕ್ಷೆ ಅಲ್ಲ. ನಿಮ್ ಡಿಪಾರ್ಟ್‌ಮೆಂಟಿಂದ ಪ್ರಿನ್ಸಿಪಾಲರ ಸಹಿ ಹಾಕ್ಸಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ಒಂದು ಕಾಪಿ ನಮಗೂ ಕಳ್ಸಿ, ನಾವು ಮುಂದಿನ ಸಂಚಿಕೇಲೇ ಅಚ್ಚು ಹಾಕ್ತೀವಿ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಅಂತ ಎಸ್‌ಸಿಎಸ್‌ಪಿ, ಟಿಎಸ್‌ಪಿ ಅನುದಾನ ಇರುತ್ತೆ, ಅದ್ರಲ್ಲಿ ಫೀಲ್ಡ್ ಕಿಟ್ ಕೊಡಿಸ್ಬಹುದಾ ಅಂತ್ಲೂ ಕಾಲೇಜಲ್ಲಿ ಕೇಳಿ.

ಇದನ್ನ ಓದ್ತಿರೋ ಮೇಷ್ಟ್ರುಗಳಿಗೆ ಒಂದ್ಮಾತು. ಟ್ರಿಪ್ಪಿಗೆ ಮುಂಚೆ ನೀವೊಂದ್ಸಲ ಹೋಗಿ ಶೌಚಾಲಯ ಎಲ್ಲಿದೆ ಅಂತ ನೋಡ್ಕೊಂಡ್ ಬನ್ನಿ, ಎರಡು ಗಂಟೆಗೊಂದ್ಸಲ ಬಸ್ಸು ನಿಲ್ಲಿಸಿ, ಶೂ ಸುತ್ತಿಗೆ ಡಿಪಾರ್ಟ್‌ಮೆಂಟಲ್ಲೇ ಇಟ್ಟು ಎಲ್ರಿಗೂ ಕೊಡಿ, ಇಲ್ದೋರಿಗೆ ಮಾತ್ರ ಕೊಟ್ರೆ ಅವರು ಇಸ್ಕೊಳ್ಳಲ್ಲ. ಮಗಳನ್ನ ಕಳ್ಸಲ್ಲ ಅನ್ನೋ ಅಪ್ಪನಿಗೆ ನೀವೇ ಫೋನ್ ಮಾಡಿ. ನಮ್ಮಪ್ಪನಿಗೆ ಯಾರೂ ಮಾಡ್ಲಿಲ್ಲ.

ಮುಂದಿನ ದಾರಿ ಕೇಳಿದೀಯ. ಎಂಎಸ್ಸಿ ಬಿಡ್ಬೇಡ, ಯಾಕಂದ್ರೆ ಯುಪಿಎಸ್‌ಸಿಯೋರ ಜಿಯೋ ಸೈಂಟಿಸ್ಟ್ ಪರೀಕ್ಷೆಗೆ ಅದು ಬೇಕೇ ಬೇಕು, ಜಿಯಾಲಾಜಿಕಲ್ ಸರ್ವೆ, ಕೇಂದ್ರ ಅಂತರ್ಜಲ ಮಂಡಳಿ ಎರಡಕ್ಕೂ ಅದರಿಂದ್ಲೇ ತಗೋತಾರೆ. ಅದಕ್ಕೆ 21ರಿಂದ 32 ವರ್ಷ, ಎಸ್‌ಸಿ ಎಸ್‌ಟಿ ಆದ್ರೆ 5 ವರ್ಷ, ಒಬಿಸಿ ಆದ್ರೆ 3 ವರ್ಷ ಜಾಸ್ತಿ, ಹೆಣ್ಮಕ್ಳಿಗೆ ಫೀಸೇ ಇಲ್ಲ. ಧಾರವಾಡ, ಮೈಸೂರು, ಬೆಂಗಳೂರು, ಶಂಕರಘಟ್ಟ ಎಲ್ಲಾ ಕಡೆ ಅರ್ಜಿ ಹಾಕು, ಐಐಟಿಗೆ ಜಾಮ್ ಪರೀಕ್ಷೆ ಜಿಯಾಲಜೀಲೂ ಇರುತ್ತೆ, ಅದನ್ನೂ ಬರಿ, ಹೋದ್ರೆ ಒಂದು ದಿನ, ಅರ್ಜಿ ಫೀಸು ಹೋಗುತ್ತೆ ಅಷ್ಟೇ. ಬಿಎಡ್ ಕೆಟ್ಟದ್ದಲ್ಲ, ಆದ್ರೆ ಇದು ಆಗಲ್ಲ ಅಂತ ಹೆದ್ರಿ ಅದಕ್ಕೆ ಹೋಗ್ಬೇಡ.

ಚಿತ್ರದುರ್ಗದ ಮರಡಿಹಳ್ಳಿ ದಿಂಬಿನ ಲಾವಾ ನೋಡೋಕಾಗ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡಿದೀಯ. ಕೋಟ್ಯಂತರ ವರ್ಷದ ಹಿಂದೆ ಸಮುದ್ರದಡಿ ಉಕ್ಕಿ, ದಿಂಬುಗಳ ಥರ ಉಬ್ಬಿ ಒಂದರ ಮೇಲೊಂದು ಬಿದ್ದಿರೋ ಲಾವಾ ಅದು, ಇನ್ನೊಂದು ವರ್ಷ ಕಾಯುತ್ತೆ. ಆಫೀಸಲ್ಲಿ ನಿನ್ ಪತ್ರ ಓದಿ ನಾವು ಏಳು ಜನ ಸೇರಿ ಒಂದಿಷ್ಟು ದುಡ್ಡು ಹಾಕಿದೀವಿ, ಒಳ್ಳೇ ಹಿಡಿತ ಇರೋ ಶೂ ತಗೊಳ್ಳೋಕೆ. ಕಾಲಿನಳತೆ ಬರ್ದು ಕಳ್ಸು, ದಪ್ಪ ಸಾಕ್ಸ್ ಹಾಕ್ಕೊಂಡೇ ಅಳ್ದು ನೋಡು.

ನಿನ್ನ
ಸಂಪಾದಕಿ ಅಕ್ಕ